ಇಲ್ಲವೆಂದು ಸಾಕ್ಷಿ ಹೇಳಿದ ಊರು

ಮಿಮೂನನಿಗೆ ಎರಡು ವಿಷಯಗಳಲ್ಲಿ ಎತ್ತಿದ ಕೈ. ಒಂದು ಕುರಿ ಕಾಯುವುದು, ಇನ್ನೊಂದು ಅನುಮಾನ ಪಡುವುದು. ಮೊದಲನೆಯದನ್ನು ಮೊರಾಕೊ ದೇಶದ ಅಟ್ಲಾಸ್ ಬೆಟ್ಟದಲ್ಲಿ ಅಪ್ಪನಿಂದ ಕಲಿತಿದ್ದ. ಎರಡನೆಯದನ್ನು ಸ್ಪೇನ್ ಕಲಿಸಿತ್ತು.

ಲಿಯೋನ್ ಸೀಮೆಯ ಮಲೆಯೂರು ಫೆನಾರೆಲ್‌ಗೆ ಅವನು ಬಂದು ಮೂರು ವರ್ಷ ಎರಡು ತಿಂಗಳಾಗಿತ್ತು. ಅಷ್ಟೂ ದಿನ ಅವನ ಹೆಸರು ಒಂದೇ ಒಂದು ಕಾಗದದ ಮೇಲೆ ಬಿದ್ದಿರಲಿಲ್ಲ. ಬೀಳದ ಹಾಗೆ ಅವನೇ ನೋಡಿಕೊಂಡಿದ್ದ. ಫೋನಿನ ಸಿಮ್ಮು ಪಟ್ಟಣದಲ್ಲಿದ್ದ ದೂರದ ನೆಂಟನೊಬ್ಬನ ಹೆಸರಿನಲ್ಲಿತ್ತು. ದವಡೆ ಹಲ್ಲು ಸಿಡಿದಾಗ ಆಸ್ಪತ್ರೆಯಲ್ಲಿ ಹೆಸರು ಕೇಳುತ್ತಾರೆಂದು, ಬೇಲಿ ತಂತಿ ಎಳೆಯುವ ಇಕ್ಕಳದಿಂದ ತಾನೇ ಕಿತ್ತುಕೊಂಡಿದ್ದ. ಊರಹಬ್ಬದಲ್ಲಿ ಎಲ್ಲರೂ ಸೇರಿ ಫೋಟೋಕ್ಕೆ ನಿಂತರೆ, "ಕೊಡಿ, ನಾನ್ ತೆಗೀತೀನಿ" ಎಂದು ಓಡಿಬಂದು ಫೋನು ಕಸಿದುಕೊಳ್ಳುತ್ತಿದ್ದ. ಜನ ಅವನನ್ನು ಭಾರಿ ಉಪಕಾರಿ ಅಂದುಕೊಂಡಿದ್ದರು. ಮೂರು ಹಬ್ಬದ ಫೋಟೋಗಳಲ್ಲಿ ಊರಿನ ನಾಯಿಗಳೂ ಇವೆ, ಮಿಮೂನ್ ಇಲ್ಲ.

ಇದಕ್ಕೆ ಕಾರಣವಿತ್ತು. ಮೊದಲು ಅವನು ದಕ್ಷಿಣದ ಅಲ್ಮೇರಿಯಾದಲ್ಲಿ, ಪ್ಲಾಸ್ಟಿಕ್ ಹೊದಿಕೆಯ ತೋಟಗಳಲ್ಲಿ ಟೊಮೇಟೊ ಕೀಳುತ್ತಿದ್ದ. ಜೊತೆಯವನೊಬ್ಬ ಪುರಸಭೆಗೆ ಹೋಗಿ, ನಾನು ಇಂಥ ಮನೆಯಲ್ಲಿ ವಾಸವಾಗಿದ್ದೇನೆ ಎಂದು ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಿ ಬಂದ. ತಿಂಗಳೊಳಗೆ ಪೊಲೀಸರು ಆ ಮನೆಯ ಬಾಗಿಲಿಗೇ ಬಂದರು. ಅವರು ಬಂದದ್ದು ಬೇರೆ ಯಾರನ್ನೋ ಹುಡುಕಿಕೊಂಡೂ ಇರಬಹುದು. ಮಿಮೂನ್ ಅದನ್ನೆಲ್ಲ ವಿಚಾರಿಸುತ್ತ ನಿಲ್ಲಲಿಲ್ಲ, ಹಿತ್ತಿಲ ಗೋಡೆ ಹಾರಿದವನು ಬಸ್ಸು ಹತ್ತಿ ಉತ್ತರಕ್ಕೆ ಬಂದ. ಹೆಸರು ಎಲ್ಲಿಗೆ ಹೋಗುತ್ತದೋ ಪೊಲೀಸು ಅಲ್ಲಿಗೆ ಬರುತ್ತಾನೆ ಎಂಬುದು ಅಂದಿನಿಂದ ಅವನ ಪಾಲಿಗೆ ವೇದವಾಕ್ಯವಾಯಿತು.

ಫೆನಾರೆಲ್ ಅವನಂಥವನಿಗೆ ಹೇಳಿ ಮಾಡಿಸಿದ ಊರು. ಹೊಗೆಯಾಡುವ ಮನೆ ಹತ್ತೊಂಬತ್ತು. ಸೆರ್ವಾಂದೊ ಎಂಬವನಿಗೆ ಇನ್ನೂರು ಕುರಿ ಇದ್ದವು, ಕಾಯಲು ಮೊಣಕಾಲಿನಲ್ಲಿ ಶಕ್ತಿ ಇರಲಿಲ್ಲ. ಅವನು ಮಿಮೂನನನ್ನು ಇಟ್ಟುಕೊಂಡ. ಇರುವುದಕ್ಕೆ ಸತ್ತುಹೋದ ಬಾಲ್ದೊಮೆರೊನ ಮನೆ ಸಿಕ್ಕಿತು. ಬಾಲ್ದೊಮೆರೊನ ಹೆಂಡತಿ ಪಟ್ಟಣದಲ್ಲಿ ಮಗಳ ಜೊತೆಗಿದ್ದಳು. ಬಾಡಿಗೆ ಬೇಡ, ಊರಗೆಲಸಕ್ಕೆ ನಮ್ಮ ಮನೆ ಪರವಾಗಿ ಹೋಗಿ ಬಾ ಸಾಕು ಎಂದಳು.

ಊರಗೆಲಸ ಎಂದರೆ ಅಲ್ಲಿ ಹುಡುಗಾಟವಲ್ಲ. ಹಿಮ ಕರಗಿದ ಮೇಲೆ ಚರ್ಚಿನ ಗಂಟೆ ಹೊಡೆದರೆ ಮನೆಗೊಬ್ಬರು ಸನಿಕೆ ಹಿಡಿದು ಬರಬೇಕು. ನೀರಿನ ಕಾಲುವೆಯ ಹೂಳೆತ್ತಬೇಕು, ದಾರಿ ಸರಿಮಾಡಬೇಕು. ಬಾರದ ಮನೆಗೆ ಊರ ಕಾಡಿನ ಸೌದೆಯಲ್ಲಿ ಪಾಲಿಲ್ಲ. ಹಾಜರಿ ಕೂಗುವವನು ಊರ ಯಜಮಾನ ಅಕಿಲಿನೊ. ಗಣಿಯಲ್ಲಿ ದುಡಿದು ನಿವೃತ್ತನಾದವನು, ಅರವತ್ತೈದರ ಗಟ್ಟಿ ಆಳು. ಕೆಲಸ ಮುಗಿದ ಮೇಲೆ ಸನಿಕೆಗಳನ್ನು ಎರಡು ಸಲ ಎಣಿಸುವ ಜಾತಿ. ಅವನು ಕೂಗುವುದು ಮನುಷ್ಯರ ಹೆಸರನ್ನಲ್ಲ, ಮನೆಯ ಹೆಸರನ್ನು. ಮನೆ ಮಾರಾಟವಾಗುವ ತನಕ ಮನೆಗೆ ಸತ್ತ ಯಜಮಾನನದೇ ಹೆಸರು. ಹಾಗಾಗಿ "ಬಾಲ್ದೊಮೆರೊ!" ಎಂದು ಕೂಗಿದಾಗ ಮಿಮೂನ್ "ಇದೀನಿ" ಎನ್ನುತ್ತಿದ್ದ, ಅಕಿಲಿನೊ ಪುಸ್ತಕದಲ್ಲಿ ಬಾಲ್ದೊಮೆರೊ ಹಾಜರು ಎಂದು ಬರೆಯುತ್ತಿದ್ದ. ಸತ್ತವನ ನೆರಳಿಗಿಂತ ತಣ್ಣನೆಯ ಜಾಗ ಮಿಮೂನನಿಗೆ ಇನ್ನೆಲ್ಲಿ ಸಿಗಬೇಕು?

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು. ಮೇ ತಿಂಗಳ ಒಂದು ದಿನ ಸೆರ್ವಾಂದೊ ಕೊಟ್ಟಿಗೆಗೆ ಕುಂಟುತ್ತ ಬಂದ.

"ನೋಡಪ್ಪ, ಮುಂದಿನ ತಿಂಗಳು ನನ್ನ ಮೊಣಕಾಲು ಕೊಯ್ತಾರೆ. ಇನ್ಮೇಲೆ ಈ ಕುರಿ ನಿಂದೇ ಅಂತ ನೋಡ್ಕೋಬೇಕು. ಒಂದು ವರ್ಷದ ಕರಾರು ಬರೆದುಕೊಡ್ತೀನಿ. ಮೂರು ವರ್ಷ ಇಲ್ಲೇ ಇದ್ದೆ, ಕೆಲಸ ಇದೆ, ಜನರ ಜೊತೆ ಹೊಂದ್ಕೊಂಡಿದೀಯ ಅಂತ ತೋರಿಸಿದ್ರೆ ಸರ್ಕಾರ ಇರೋಕೆ ಪರವಾನಗಿ ಕೊಡುತ್ತಂತೆ."

"ಈಗ ಯಾಕೆ?" ಎಂದ ಮಿಮೂನ್.

"ಈಗ ಯಾಕೆ ಅಂದ್ರೆ? ಮೂರು ವರ್ಷ ಈಗ ತುಂಬ್ತು ಮಾರಾಯ, ಅದಕ್ಕೆ!"

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎಂದುಕೊಂಡ ಮಿಮೂನ್. ಕರಾರು ಬರೆಸಿಕೊಂಡು ನನ್ನನ್ನು ಕಟ್ಟಿಹಾಕುವ ಹುನ್ನಾರವೋ? ಕುರಿ ಕಡಿಮೆಯಾದರೆ ನನ್ನ ಮೇಲೆ ಹೊರಿಸುವುದಕ್ಕೋ? ಎರಡು ವಾರ ಅವನು ಸೆರ್ವಾಂದೊನ ಕಣ್ಣು ತಪ್ಪಿಸಿ ಓಡಾಡಿದ. ಆದರೆ ಪರವಾನಗಿ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಅದೊಂದಿದ್ದರೆ ಊರಿಗೆ ಹೋಗಿ ವಾಪಸ್ಸು ಬರಬಹುದು. ಆರು ವರ್ಷದಿಂದ ಅವನು ತನ್ನ ಊರು ನೋಡಿರಲಿಲ್ಲ, ಹೋದರೆ ಮತ್ತೆ ಒಳಗೆ ಬಿಡುವವರಿರಲಿಲ್ಲ. ಕೊನೆಗೆ ಬಸ್ಸು ಹತ್ತಿ ಪಟ್ಟಣದ ವಕೀಲೆಯನ್ನು ಕಂಡ.

"ಮೂರು ವರ್ಷ ಇದ್ದೆ ಅನ್ನೋದಕ್ಕೆ ಏನಿದೆ?" ಎಂದು ಆಕೆ ಕೇಳಿದಳು. "ನಿವಾಸಿಗಳ ಪಟ್ಟಿ?"

"ಇಲ್ಲ."

"ಆಸ್ಪತ್ರೆ ಚೀಟಿ? ಬ್ಯಾಂಕು? ಫೋಟೋ?"

"ಇಲ್ಲ. ಇಲ್ಲ. ಫೋಟೋ ನಾನೇ ತೆಗೆದಿದ್ದು."

ಆಕೆ ಪೆನ್ನು ಕೆಳಗಿಟ್ಟಳು. "ಸರಿಹೋಯ್ತು. ಮೂರು ವರ್ಷ ಕಣ್ಣಿಗೆ ಬೀಳದ ಹಾಗೆ ಬದುಕಿದೀಯ, ಈಗ ಕಂಡಿದ್ದೆ ಅಂತ ಸಾಬೀತು ಮಾಡ್ಬೇಕು. ಒಂದೇ ದಾರಿ. ಸಮಾಜ ಕಲ್ಯಾಣ ಕಚೇರಿಯಿಂದ ಒಬ್ರು ನಿಮ್ಮೂರಿಗೆ ಬರ್ತಾರೆ, ಜನರನ್ನ ಕೇಳಿ ವರದಿ ಬರೀತಾರೆ. ಯಜಮಾನ ಒಂದು ಕಾಗದ ಬರೆದುಕೊಟ್ರೆ ಇನ್ನೂ ಒಳ್ಳೇದು. ಊರವರಿಗೆಲ್ಲ ಮೊದಲೇ ಹೇಳಿಟ್ಟಿರು."

ಇಲ್ಲೇ ನೋಡಿ ಮಿಮೂನ್ ಎಡವಿದ್ದು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಕಿಲಿನೊ ಮೀಸೆ ಕುಣಿಸುತ್ತಾನೆ, ಈ ಮೋರೊ ಊರಲ್ಲಿ ಪಾಲು ಕೇಳೋಕೆ ಹೊರಟಿದಾನೆ ಎಂದು ಡಂಗುರ ಹೊಡೆಯುತ್ತಾನೆ. ಜಲಸಂಧಿಯ ಆಚೆಯಿಂದ ಬಂದವರಿಗೆಲ್ಲ ಅಲ್ಲಿನವರು ಹೇಳುವುದು ಮೋರೊ ಎಂದೇ. ಹೊಟ್ಟೆಕಿಚ್ಚಿನವರು ಯಾರಾದರೂ ಪೊಲೀಸಿಗೆ ಫೋನು ಮಾಡಿದರೂ ಮಾಡಿಯಾರು. ಬರುವವರು ಗುರುವಾರ ಬರುತ್ತಾರೆಂದು ವಕೀಲೆ ಹೇಳಿದ್ದಳು, ಆಗ ನಾನೇ ಮುಂದೆ ನಿಂತು ಮಾತಾಡಿಸುತ್ತೇನೆ ಎಂದು ಲೆಕ್ಕ ಹಾಕಿದ. ವಿಷಯ ಗೊತ್ತಿದ್ದ ಒಬ್ಬನೇ ಒಬ್ಬ ಸೆರ್ವಾಂದೊ. ಅವನು ಪಟ್ಟಣದ ಆಸ್ಪತ್ರೆಯಲ್ಲಿ ಮೊಣಕಾಲು ಕೊಯ್ಯಿಸಿಕೊಂಡು ಮಲಗಿದ್ದ.

ಕಲ್ಯಾಣ ಕಚೇರಿಯಾಕೆ ಬಂದದ್ದು ಮಂಗಳವಾರ. ಬೂದುಬಣ್ಣದ ಕಾರು, ಎದೆಗವಚಿದ ಫೈಲು. ಹೆಸರು ನೊಯೆಲಿಯಾ, ನಲವತ್ತರ ಹತ್ತಿರದ ಹೆಂಗಸು.

ಮಿಮೂನ್ ಮೇಲಿನ ಹುಲ್ಲುಗಾವಲಲ್ಲಿದ್ದ. ಕಾರು ಏರಿ ಬರುವುದನ್ನು ಕಂಡ. ಗುರುವಾರದವರು ಮಂಗಳವಾರ ಯಾಕೆ ಬರುತ್ತಾರೆ? ಇದು ಪೊಲೀಸೇ, ಮಫ್ತಿಯಲ್ಲಿ ಬಂದಿದಾರೆ. ನಾಯಿಗಳ ಬಾಯಿ ಹಿಡಿದುಕೊಂಡು ಬಂಡೆಯ ಹಿಂದೆ ಕೂತವನು, ಕಾರು ಇಳಿದು ಹೋಗುವ ತನಕ ಏಳಲಿಲ್ಲ.

ಕೆಳಗೆ ಊರಿನಲ್ಲಿ ಅದಕ್ಕಿಂತ ಚೆಂದದ ನಾಟಕ ನಡೆಯುತ್ತಿತ್ತು. ಫೈಲು ಹಿಡಿದು ಬಂದವರಿಂದ ಫೆನಾರೆಲ್‌ಗೆ ಒಳ್ಳೆಯದಾದದ್ದು ಯಾರ ನೆನಪಿನಲ್ಲೂ ಇಲ್ಲ. ಒಬ್ಬ ಬಂದು ದನ ಎಣಿಸಿ ಅರ್ಧ ಮಾರಿಸಿದ. ಇನ್ನೊಬ್ಬ ಬಂದು ಊರಿಗೆಲ್ಲ ಒಂದೇ ಆಗಿದ್ದ ರೊಟ್ಟಿ ಒಲೆಗೆ ಬೀಗ ಹಾಕಿಸಿದ. ಆದ್ದರಿಂದ ಆಕೆ ಮಿಮೂನ್ ಎಂಬ ಹೆಸರೆತ್ತಿದ್ದೇ ತಡ, ಊರು ಬಾಯಿಗೆ ಬೀಗ ಹಾಕಿಕೊಂಡಿತು. ಹೆಂಡದಂಗಡಿಯಲ್ಲಿ ಕೇಳಿದಳು, ಗೊತ್ತಿಲ್ಲ. ಕಾಲುವೆ ಹತ್ತಿರ ಕೇಳಿದಳು, ಅಂಥೋರು ಯಾರೂ ಇಲ್ಲ. ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಮುದುಕಿಗೆ ಇದ್ದಕ್ಕಿದ್ದ ಹಾಗೆ ಕಿವುಡು ಬಂತು. ಕಡೆಗೆ ಅಕಿಲಿನೊನ ಹತ್ತಿರ ಬಂದಳು.

"ಮೋರೊನಾ? ಇಲ್ಲಿ ತೋಳ ಇದೆ ತಾಯಿ, ಕರಡಿನೂ ಇದೆ. ಮೋರೊ ಒಬ್ನೂ ಇಲ್ಲ" ಎಂದ ಅಕಿಲಿನೊ.

"ಪಕ್ಕದ ಮನೇಲಿ ಹೊಗೆ ಬರ್ತಿದೆಯಲ್ಲ, ಅದು ಯಾರದು?"

"ಬಾಲ್ದೊಮೆರೊಂದು."

"ಅವರ ಹತ್ರ ಮಾತಾಡಬಹುದಾ?"

"ಧಾರಾಳವಾಗಿ. ಚರ್ಚಿನ ಹಿಂದೆ ಮಲಗಿದಾನೆ, ಎಡಗಡೆಯಿಂದ ಮೂರನೇ ಗೋರಿ."

ಆಕೆ ಊರಗೆಲಸದ ಪುಸ್ತಕ ಕೇಳಿದಳು. ಅಕಿಲಿನೊ ಎದೆಯುಬ್ಬಿಸಿ ತೋರಿಸಿದ. ಆಕೆ ಹಾಳೆ ತಿರುಗಿಸಿದಳು, ಗೋರಿಯ ದಿಕ್ಕಿಗೆ ನೋಡಿದಳು. "ಈ ವರ್ಷನೂ ಬಾಲ್ದೊಮೆರೊ ಕಾಲುವೆ ಕೆಲಸಕ್ಕೆ ಬಂದಿದಾರೆ?"

"ನಮ್ಮೂರಲ್ಲಿ ಸೋಮಾರಿಗಳಿಲ್ಲಮ್ಮ" ಎಂದ ಅಕಿಲಿನೊ.

ಅಂದು ಸಂಜೆ ಹೆಂಡದಂಗಡಿಯಲ್ಲಿ ಊರಿಗೆ ಊರೇ ಬೀಗಿತು. ಹದಿನಾಲ್ಕು ಜನರನ್ನು ಕೇಳಿದಳು, ಒಬ್ಬನ ಬಾಯಿಂದಲೂ ಹೊರಬೀಳಲಿಲ್ಲ! ಮಿಮೂನನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳುವುದು ಆ ಕಡೆ ಮರ್ಯಾದೆಯಲ್ಲ.

ಶುಕ್ರವಾರ ವಕೀಲೆಯ ಫೋನು ಬಂತು. "ಏನಪ್ಪ ಇದು? ಹದಿನಾಲ್ಕು ಜನ ನಿನ್ನನ್ನ ನೋಡೇ ಇಲ್ಲ ಅಂದಿದಾರೆ. ಯಜಮಾನನೂ ಅಷ್ಟೇ. ಈ ವರದಿ ಮೇಲೆ ಹೋದ್ರೆ ನಿನ್ನ ಕಥೆ ಮುಗೀತು. ಸೋಮವಾರದ ತನಕ ತಡೆದಿಡ್ತೀನಿ ಅಂದಿದಾರೆ ಆಕೆ, ಅಷ್ಟೇ."

ಮಿಮೂನ್ ಫೋನು ಹಿಡಿದುಕೊಂಡೇ ಕುರಿಗಳ ನಡುವೆ ಕೂತ. ಬೇರೆ ಯಾರಾದರೂ ಆಗಿದ್ದರೆ ಹೋಗಿ ಕೇಳುತ್ತಿದ್ದರು. ಇವನು ಕೇಳುವ ಪೈಕಿ ಅಲ್ಲ, ಕಥೆ ಹೊಸೆಯುವ ಪೈಕಿ. ಸಂಜೆಯ ಹೊತ್ತಿಗೆ ಇಡೀ ಸಂಚು ಅವನ ಕಣ್ಣಿಗೆ ಕಟ್ಟಿತು. ಸೌದೆಯ ಪಾಲಿನ ಮೇಲೆ ಅಕಿಲಿನೊನ ಕಣ್ಣಿದೆ. ಸೆರ್ವಾಂದೊ ಬೇಕೆಂದೇ ಆಸ್ಪತ್ರೆ ಸೇರಿದ್ದಾನೆ, ಕರಾರು ಬರೆದುಕೊಡುವುದು ತಪ್ಪಿತು. ಹೆಂಡದಂಗಡಿಯವನಿಗೆ ಹೆಂಡ ಕುಡಿಯದ ಗಿರಾಕಿ ಯಾಕೆ ಬೇಕು? ಹದಿನಾಲ್ಕು ಜನ ಒಂದೇ ಮಾತು ಹೇಳಬೇಕಾದರೆ ಮೊದಲೇ ಕೂತು ಗೊತ್ತುಮಾಡಿಕೊಂಡಿರಬೇಕು. ಮೂರು ವರ್ಷ ಇವರ ಕಾಲುವೆ ತೋಡಿದೆ, ಇವರ ಹಿಮ ಎತ್ತಿದೆ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಯಾರನ್ನೂ ನಂಬದ ನಾನು ಇವರನ್ನು ಒಳಗೊಳಗೇ ನಂಬಿಬಿಟ್ಟಿದ್ದೆನಲ್ಲ ಎಂದು.

ಸೋಮವಾರ ಬೆಳಿಗ್ಗೆ ಕುರಿಗಳಿಗೆ ಮೇವು ನೀರು ಹಾಕಿ, ನಾಯಿಗಳನ್ನು ಕಟ್ಟಿ, ಚೀಲ ಹೆಗಲಿಗೇರಿಸಿ ರಸ್ತೆಗಿಳಿದ. ಮತ್ತೆ ಅಲ್ಮೇರಿಯಾ, ಮತ್ತೆ ಪ್ಲಾಸ್ಟಿಕ್ಕಿನ ಕೆಳಗಿನ ಧಗೆ. ಎರಡನೇ ತಿರುವಿನಲ್ಲಿ ಅಕಿಲಿನೊನ ಹಳೇ ಜೀಪು ಎದುರಾಯಿತು.

"ಲೋ ಮೋರೊ! ಎಲ್ಲಿಗೋ ಸವಾರಿ? ಕುರಿ ಯಾರು ನಿಮ್ಮಪ್ಪ ಕಾಯ್ತಾನಾ?"

"ಯಾವ ಮೋರೊ ಯಜಮಾನ್ರೇ? ನಿಮ್ಮೂರಲ್ಲಿ ತೋಳ ಇದೆ, ಕರಡಿ ಇದೆ. ಮೋರೊ ಒಬ್ನೂ ಇಲ್ವಲ್ಲ!"

ಆ ಮಾತು ವಕೀಲೆ ವರದಿ ಓದಿ ಹೇಳಿದ್ದು. ಅಕಿಲಿನೊ ಜೀಪು ನಿಲ್ಲಿಸಿ ಇಳಿದ. "ಅದಕ್ಕ್ಯಾಕೋ ಮುಖ ಗಂಟು? ಫೈಲು ಹಿಡ್ಕೊಂಡು ಬಂದು ನಿನ್ನ ಹೆಸರು ಕೇಳಿದ್ಲು. ಹಿಡ್ಕೊಟ್ಟು ಬಿಡ್ಬೇಕಿತ್ತಾ?"

"ಅವಳು ಬಂದಿದ್ದು ನನ್ನನ್ನ ಇಲ್ಲಿ ಇಟ್ಕೊಳ್ಳೋಕೆ! ನಾನಿದೀನಿ ಅಂತ ನೀವು ಹೇಳಿದ್ರೆ ಪರವಾನಗಿ ಸಿಗ್ತಿತ್ತು!"

"ಹಂಗಂತ ನೀನು ಬೊಗಳಿದ್ಯಾ?"

"ಹೇಳಿದ್ರೆ ನೀವು ಬರ್ಕೊಡ್ತಿದ್ರಾ? ಸೌದೆ ಪಾಲು ನುಂಗೋಕೆ ಕಾಯ್ತಾ ಇದೀರ!"

"ಸೌದೆನಾ? ನಿನ್ನ ಸೌದೆಗೆ ಬೆಂಕಿ ಬೀಳ! ಮೂರು ವರ್ಷದಿಂದ ಕಾರು ಕಂಡ್ರೆ ಬೇಲಿ ಹಾರ್ತೀಯ. ನಮ್ಮ ಮಕ್ಕಳಿಗೂ ಕಾರು ಕಂಡ್ರೆ ಸಿಳ್ಳೆ ಹೊಡೀರೋ ಅಂತ ಹೇಳಿಕೊಟ್ಟಿದೀವಿ, ಗೊತ್ತಾ? ಯಾರಿಗೋಸ್ಕರ? ನೀನಿಲ್ಲ ಅನ್ನೋದನ್ನ ನಮಗೆ ಕಲಿಸಿದೋನೇ ನೀನು!"

ಆ ಸಿಳ್ಳೆಗಳನ್ನು ಮಿಮೂನ್ ಎಷ್ಟೋ ಸಲ ಕೇಳಿದ್ದ. ಅದೂ ಯಾರಿಗೋ ತನ್ನ ಸುಳಿವು ಕೊಡುವ ಸನ್ನೆಯೆಂದೇ ತಿಳಿದಿದ್ದ.

"ಜೀಪು ಹತ್ತೋ" ಎಂದ ಅಕಿಲಿನೊ. "ಯಾವ ಕಚೇರಿ ಅದು?"

ನೊಯೆಲಿಯಾ ಅವರಿಬ್ಬರನ್ನೂ ಕೂರಿಸಿ ಕೈಕಟ್ಟಿಕೊಂಡಳು. ಆಕೆಯ ಮುಖದಲ್ಲಿ ಈಗ ಮಿಮೂನನ ಮುಖದಲ್ಲಿದ್ದಷ್ಟೇ ಅನುಮಾನವಿತ್ತು.

"ಯಜಮಾನ್ರೇ, ಹೋದ ಮಂಗಳವಾರ ಇಂಥೋನು ಹುಟ್ಟೇ ಇಲ್ಲ ಅಂದ್ರಿ. ಇವತ್ತು ಕೈಹಿಡಿದು ಕರ್ಕೊಂಡು ಬಂದಿದೀರ. ಇವನ ಕೈಯಿಂದ ಏನು ಇಸ್ಕೊಂಡ್ರಿ?"

"ಇಸ್ಕೊಳ್ಳೋದಾ? ಇವನಿಂದಾನಾ?" ಅಕಿಲಿನೊನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಇವನಿಂದ ನನಗಾಗಿರೋ ನಷ್ಟ ಕೇಳಮ್ಮ. ಬಂದ ವರ್ಷದ ಆಗಸ್ಟಲ್ಲಿ ಇವನ ನಾಯಿ ನನ್ನ ಎರಡು ಕೋಳಿ ತಿಂತು."

"ಒಂದು" ಎಂದ ಮಿಮೂನ್. "ಇನ್ನೊಂದನ್ನ ನರಿ ಹೊತ್ಕೊಂಡು ಹೋಯ್ತು."

"ಆಮೇಲೆ ದೊಡ್ಡ ಹಿಮ ಬಿತ್ತಲ್ಲ, ಎಲ್ಲರ ಬಾಗಿಲ ಮುಂದೂ ಎತ್ತಿದ, ನಂದೊಂದು ಬಿಟ್ಟು!"

"ಸುಳ್ಳು ಮೇಡಂ! ಮೊದಲು ಎತ್ತಿದ್ದೇ ಇವರದ್ದು. ಉಳಿದಿದ್ದು ಮುಗಿಸಿ ಬರೋ ಹೊತ್ತಿಗೆ ಮತ್ತೆ ಬಿದ್ದಿತ್ತು. ಹನ್ನೊಂದು ಗಂಟೆ ತನಕ ಮಲಗೋರಿಗೆ ಅದೆಲ್ಲ ಎಲ್ಲಿ ಕಾಣುತ್ತೆ?"

"ಯಾರೋ ಮಲಗೋನು? ಇಸ್ಪೀಟಲ್ಲಿ ರಾಜನ್ನ ತೊಡೆ ಕೆಳಗೆ ಇಟ್ಕೊಳ್ಳೋ ಕಳ್ಳ!"

"ಹೋದ ವರ್ಷ ಜುಲೈಲಿ ನನ್ನ ಸರದಿ ನೀರನ್ನ ಇವರು ತಮ್ಮ ಆಲೂಗಡ್ಡೆಗೆ ತಿರುಗಿಸ್ಕೊಂಡ್ರಲ್ಲ, ಅದು ಕಳ್ಳತನ ಅಲ್ವಾ?"

ನೊಯೆಲಿಯಾ ಯಾವಾಗ ಕೈ ಬಿಚ್ಚಿದಳೋ, ಯಾವಾಗ ಫೈಲು ತೆರೆದಳೋ ಇಬ್ಬರಿಗೂ ಗೊತ್ತಾಗಲಿಲ್ಲ. "ಹಿಮ ಬಿದ್ದಿದ್ದು ಯಾವ ತಿಂಗಳು?" ಎಂದಳು. ಇಬ್ಬರೂ ಒಟ್ಟಿಗೆ ಫೆಬ್ರವರಿ ಎಂದು ಕಿರುಚಿ ಮತ್ತೆ ಜಗಳಕ್ಕೆ ನಿಂತರು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ಇಣುಕಿದರು.

"ಕೃತಜ್ಞತೆ ಅನ್ನೋದು ಗೊತ್ತಿದ್ರೆ ತಾನೇ!" ಅಕಿಲಿನೊ ಮೇಜು ಗುದ್ದಿದ. "ಎರಡನೇ ವರ್ಷದ ಜನವರಿ. ಮೂರು ದಿನ ಈ ಮಹಾಶಯ ಬಾಗಿಲೇ ತೆಗೀಲಿಲ್ಲ. ಸೆರ್ವಾಂದೊ ಮಗಳ ಮನೆಗೆ ಹೋಗಿದ್ದ. ದೊಡ್ಡೀಲಿ ಇನ್ನೂರು ಕುರಿ ಒದರ್ತಾ ಇದಾವೆ. ಯಾರು ಮೇವು ಹಾಕಿದ್ದು? ನಾನು! ನನ್ನ ಹುಲ್ಲು! ದಿನಾ ಸಂಜೆ ಇವನ ಹೊಸ್ತಿಲಲ್ಲಿ ಬೇಳೆ ಸಾರು ಇಟ್ಟು ಬಂದೆ. ಹಂದಿ ಹಾಕಬೇಡ ಕಣೇ ಅಂತ ಹೆಂಡತಿಗೆ ಹೇಳಿ ಬೇರೆ ಪಾತ್ರೇಲಿ ಮಾಡಿಸಿದ್ದು. ಪಾತ್ರೆ ತೊಳೆದು ಹೊರಗಿಡ್ತಿದ್ದ. ಯಾರು ಇಟ್ರಿ ಅಂತ ಒಂದು ಮಾತು? ಇವತ್ತಿನ ತನಕ ಇಲ್ಲ!"

ಮೇವು ಹಾಕಿದ್ದು ಸೆರ್ವಾಂದೊನ ಅಳಿಯ ಎಂದೇ ಮಿಮೂನ್ ತಿಳಿದಿದ್ದ. ಸಾರನ್ನು ಮೊದಲ ದಿನ ನಾಯಿಗೆ ಹಾಕಿ, ಅದು ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಕುಡಿದಿದ್ದ.

"ಏನಾಗಿತ್ತು ಆಗ ಇವನಿಗೆ?" ಎಂದು ನೊಯೆಲಿಯಾ ಕೇಳಿದಳು.

"ನಂಗೇನಮ್ಮ ಗೊತ್ತು? ನಮ್ಮಿಬ್ರ ಮನೆಗೂ ನಡುವೆ ಒಂದೇ ಗೋಡೆ. ಅಳೋದು ಕೇಳಿಸ್ತಿತ್ತು. ಅಳ್ತಾ ಇರೋ ಗಂಡಸಿನ ಬಾಗಿಲು ತಟ್ಟಿ ಯಾಕಪ್ಪ ಅಂತ ಕೇಳೋಕಾಗುತ್ತಾ?"

ಮಿಮೂನ್ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ಆಮೇಲೆ ಅಕಿಲಿನೊನ ಕಡೆ ತಿರುಗಿ, ಆಕೆಗಲ್ಲ, ಅವನಿಗೆ ಹೇಳಿದ.

"ನಮ್ಮವ್ವ ತೀರ್ಕೊಂಡಿದ್ಲು. ಹೋಗೋಕಾಗ್ಲಿಲ್ಲ. ಹೋಗಿದ್ರೆ ವಾಪಸ್ ಬರೋಕಾಗ್ತಿರಲಿಲ್ಲ."

ಅಕಿಲಿನೊ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಹೇಳಬಾರ್ದಿತ್ತೇನೋ, ಕತ್ತೆ" ಎಂದ. ದನಿ ಮಾತ್ರ ಬೈಗುಳದ್ದಾಗಿರಲಿಲ್ಲ.

"ಇವನು ನಿಮ್ಮೂರಲ್ಲೇ ಇದಾನೆ ಅಂತ ಬರೀತಿದೀನಿ ಯಜಮಾನ್ರೇ, ಕೆಳಗೆ ನೀವು ರುಜು ಹಾಕ್ಬೇಕು" ಎಂದಳು ನೊಯೆಲಿಯಾ. "ತಾರೀಕು ಬೇಕು ನನಗೆ. ಜನವರಿ ಎಷ್ಟು?"

"ಹದಿನೇಳು" ಎಂದ ಮಿಮೂನ್. ಆಕೆ ಬರೆದುಕೊಂಡಳು. ಅವನು ಸ್ವಲ್ಪ ಮುಂದೆ ಬಾಗಿ ಕಾಗದದ ಮೇಲೆ ಬೆರಳಿಟ್ಟ.

"ತೂದಾ ಅಂತ ನಮ್ಮವ್ವನ ಹೆಸರು. ಅದನ್ನೂ ಬರ್ಕೊಳ್ಳಿ."